ಆಗುಂಬೆ ಎಂದರೆ ಸೂರ್ಯಾಸ್ತ ಮಾತ್ರವೇ?

ಮಾನ್ಯರೇ,

ಆಗುಂಬೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಸೂರ್ಯಾಸ್ತ. ಮಳೆಗಾಲದಲ್ಲೂ ಜನ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಆಗ ಅಲ್ಲಿ ಸೂರ್ಯ ಎಲ್ಲಿರುತ್ತಾನೆ ಹೇಳಿ!

ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರು ಘಟ್ಟದ ಅಂಚಿನಲ್ಲೇ ಕೂತಿದೆ. ಎತ್ತರ ಸುಮಾರು 640 ಮೀಟರ್, ಅಷ್ಟೇ. ಆದರೆ ಅರಬ್ಬೀ ಸಮುದ್ರದಿಂದ ಬರುವ ಮೋಡ ಘಟ್ಟಕ್ಕೆ ಅಡ್ಡಬಡಿದು ಮೇಲೇರುತ್ತದೆ, ತಣ್ಣಗಾಗಿ ಇಲ್ಲೇ ಸುರಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಬಿದ್ದ ದಾಖಲೆ ಇದೆ. ಸುಮಾರು ಹದಿನೈದು ಅಡಿ ನೀರು! ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿಕೊಪ್ಪೆ, ಅಡಿಕೆ ಕೊನೆ ನೆನೆಯದಂತೆ ಕಟ್ಟುವ ಕೊಟ್ಟೆ, ಬಚ್ಚಲೊಲೆಯ ಪಕ್ಕ ಒಣಗುವ ಬಟ್ಟೆ, ಇವೆಲ್ಲ ಮಲೆನಾಡಿಗೆ ಸುಮ್ನೆ ಬಂದದ್ದಲ್ಲ.

ಈ ಮಳೆಯೇ ಇಲ್ಲಿನ ಕಾಡನ್ನು ಬೆಳೆಸಿದ್ದು. ಅದೇ ಕಾಡಿನಲ್ಲಿ ಕಾಳಿಂಗ ಸರ್ಪಗಳಿವೆ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿಯೇ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು.

ಕಳೆದ ವಾರ ಸೋಮೇಶ್ವರದ ಕಡೆಯಿಂದ ಘಟ್ಟ ಹತ್ತುವಾಗ ತಿರುವಿನಲ್ಲಿ ಕೆಲವರು ಕಾರು ನಿಲ್ಲಿಸಿ ಕೋತಿಗಳಿಗೆ ಚಿಪ್ಸ್ ಹಾಕುತ್ತಿದ್ದರು. ಖಾಲಿ ಪೊಟ್ಟಣ ಹೋದದ್ದು ಸೀದಾ ಕಣಿವೆಗೆ. ಮೊದಲ ತಿರುವಿನಲ್ಲೇ ಒಂದು ತಪಾಸಣೆ ಇಟ್ಟು ಪ್ಲಾಸ್ಟಿಕ್ ತಡೆಯಲು ಸಾಧ್ಯವಿಲ್ಲವೇ? ಸಂಬಂಧಪಟ್ಟವರು ಗಮನ ಹರಿಸಲಿ.

— ಓದುಗ, ತೀರ್ಥಹಳ್ಳಿ