ಮೇಲಿನ ಬೀದಿಯವರಿಗೆ ಕೆಳಗಿನ ಬೀದಿಯವರ ವಂದನೆ

ಮಳೆನೀರು ತಡೆಯುವ ನಮ್ಮ ಹೊಂಡದ ಏರಿ ಎತ್ತರಿಸುವ ಕೆಲಸ ಮುಗಿದು, ಈ ಸಲದ ಮೊದಲ ದೊಡ್ಡ ಮಳೆಯೂ ಬಂದು ಹೋಯಿತು. ಕೆಳಗಿನ ಬೀದಿಗಳಲ್ಲಿ ಒಂದು ಮನೆಯ ಹೊಸ್ತಿಲನ್ನೂ ನೀರು ಮುಟ್ಟಲಿಲ್ಲ. ಹೊಂಡ ಪೂರ್ತಿ ಇಳಿಯಲಿ, ಎಂಜಿನಿಯರುಗಳು ಏರಿಯನ್ನು ಒಮ್ಮೆ ನೋಡಿ ಹೇಳಲಿ ಎಂದು ಇಷ್ಟು ದಿನ ಸುಮ್ಮನಿದ್ದೆ. ನೋಡಿದ್ದಾರೆ. ಎಲ್ಲೂ ಜಿನುಗಿಲ್ಲ, ಎಲ್ಲೂ ಕುಸಿದಿಲ್ಲ.

ಮೊದಲ ವಂದನೆ ಹೊಂಡದ ಪಕ್ಕದ ಮೇಲಿನ ಬೀದಿಯ ಮನೆಗಳಿಗೆ. ನಿಮ್ಮ ಮನೆಗೆ ಎಂದೂ ನೀರು ನುಗ್ಗಿದ್ದಿಲ್ಲ. ಆದರೂ ಮಣ್ಣಿನ ಲಾರಿಗಳು ಓಡಾಡಿದ್ದು ನಿಮ್ಮ ಬಾಗಿಲ ಮುಂದೆ. ಧೂಳು ಕುಡಿದವರು ನೀವು, ರೋಲರಿನ ಅದುರಿಗೆ ಬೆಚ್ಚಿ ಎದ್ದ ಕೂಸುಗಳು ನಿಮ್ಮವು. ಒಣ ದಿನಗಳಲ್ಲಿ ಮಕ್ಕಳು ಆಡುತ್ತಿದ್ದ ಹೊಂಡದ ಬಯಲಿಗೆ ಬೇಲಿ ಬಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಏರಿಯ ಮೇಲಿದ್ದ ಮರಗಳು. ನೀವೇ ನೆಟ್ಟು ಬೆಳೆಸಿದ್ದವು. ಮರ ಸತ್ತ ಮೇಲೆ ಬೇರು ಕೊಳೆತು ಏರಿಯೊಳಗೆ ಟೊಳ್ಳು ಬಿಡುತ್ತದೆ, ನೀರು ಆ ಜಾಡು ಹಿಡಿದು ಮಣ್ಣು ಕೊರೆಯುತ್ತದೆ ಎಂದು ಸಭೆಯಲ್ಲಿ ವಿವರಿಸಿದಾಗ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಿಮ್ಮಲ್ಲೇ ಹಿರಿಯರೊಬ್ಬರು ಎದ್ದು "ತೆಗೀರಿ" ಅಂದರು. ಆ ಒಂದು ಮಾತಿನ ಋಣ ನಮ್ಮ ಮೇಲಿದೆ. ಏರಿಯ ಬುಡದಿಂದ ದೂರಕ್ಕೆ ನೆಟ್ಟಿರುವ ಹೊಸ ಸಸಿಗಳಿಗೆ ನೀರು ಹಾಕುವ ಕೆಲಸ ಇನ್ನು ನಮ್ಮದು.

ತೂಬಿನ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ತೂಬು ದೊಡ್ಡದಿದ್ದರೆ ಹೊಂಡ ಬೇಗ ಬರಿದಾಗಿ ಕೆಸರು, ಸೊಳ್ಳೆ ತಪ್ಪುತ್ತದೆ ಎಂದು ನೀವು. ಹಾಗೆ ಬಿಟ್ಟರೆ ಎಲ್ಲ ಒಮ್ಮೆಗೇ ನಮ್ಮ ಮನೆಗಳ ಮೇಲೆ ಬರುತ್ತದೆ ಎಂದು ನಾವು. ಎರಡೂ ನ್ಯಾಯವಾದ ಮಾತೇ. ಹೊಂಡ ನೀರನ್ನು ಇಲ್ಲವಾಗಿಸುವುದಿಲ್ಲ, ತಡೆದು ನಿಧಾನವಾಗಿ ಬಿಡುತ್ತದೆ, ಅಷ್ಟೆ. ಒಂದು ಚದರ ಕಿಲೋಮೀಟರ್ ಜಾಗದಲ್ಲಿ 1 ಸೆಂಟಿಮೀಟರ್ ಮಳೆ ಬಿದ್ದರೆ ಅದು 1 ಕೋಟಿ ಲೀಟರ್. ಹಿಂದೆ ಅದರಲ್ಲಿ ಒಂದು ಪಾಲನ್ನು ನೆಲ ಹೀರಿಕೊಳ್ಳುತ್ತಿತ್ತು. ಈಗ ಮೇಲೆಲ್ಲ ತಾರಸಿ, ಡಾಂಬರು, ಕಾಂಕ್ರೀಟು. ಅದೇ ಮಳೆಗೆ ಹೆಚ್ಚು ನೀರು, ಅದೂ ಕಡಿಮೆ ಹೊತ್ತಿನಲ್ಲಿ. ಹಳೆಯ ಹೊಂಡ ಕಟ್ಟಿದ್ದು ಹಳೆಯ ಲೆಕ್ಕಕ್ಕೆ. ಎಂಜಿನಿಯರುಗಳು ಇಬ್ಬರ ಮಾತನ್ನೂ ಕೇಳಿದರು. ತೂಬಿನ ಬಾಯಿಯನ್ನು ಕಿರಿದಾಗಿಯೇ ಇಟ್ಟು, ಏರಿ ಎತ್ತರಿಸಿ, ಹೂಳು ತೆಗೆದು, ನೀರು ಎಲ್ಲೂ ನಿಲ್ಲದಂತೆ ತಳಕ್ಕೆ ಇಳಿಜಾರು ಕೊಟ್ಟರು. ಸೊಳ್ಳೆಯ ಮೊಟ್ಟೆ ಬಲಿತು ಹಾರಲು ಸುಮಾರು ಒಂದು ವಾರ ಬೇಕು. ಅಷ್ಟರೊಳಗೆ ಹೊಂಡ ಒಣಗಿದರಾಯಿತು. ಈ ಮಳೆಯ ನೀರು ಮಾರನೆಯ ದಿನ ಸಂಜೆಗೇ ಇಳಿದಿತ್ತು.

ಕೆಲಸದವರನ್ನು ಎಷ್ಟು ನೆನೆದರೂ ಸಾಲದು. ಜೇಡಿಮಣ್ಣನ್ನು ಒಂದು ಗೇಣಿನಷ್ಟು ಹರಡುವುದು, ಹದಕ್ಕೆ ನೀರು ಚಿಮುಕಿಸುವುದು, ರೋಲರ್ ಹಾಯಿಸುವುದು, ಮತ್ತೆ ಮೇಲೊಂದು ಪದರ. ಪದರ ಗಟ್ಟಿಯಾಗಿದೆಯೇ ಎಂದು ನೋಡಲು ಒಬ್ಬ ಹುಡುಗಿ ಬರುತ್ತಿದ್ದಳು. ಮಂಡಿಯೂರಿ ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನು ಒಂದು ಕಣವೂ ಚೆಲ್ಲದಂತೆ ತೂಗಿ, ಗುಂಡಿಗೆ ಒಣ ಮರಳು ಸುರಿದು, ಎಷ್ಟು ಮರಳು ಹಿಡಿಯಿತು ಎಂಬುದರಿಂದ ಗುಂಡಿಯ ಅಳತೆ ತೆಗೆಯುತ್ತಿದ್ದಳು. ಒಂದು ಸಂಜೆ ಅವಳು "ಇದು ಸಾಲದು" ಅಂದಾಗ, ಮೋಡ ಕಟ್ಟಿದ್ದರೂ ಮೇಸ್ತ್ರಿ ಮರುಮಾತಾಡದೆ ಆ ಇಡೀ ಪದರ ಕೆದರಿಸಿ ಮತ್ತೆ ಹಾಕಿಸಿದರು. ನನಗೆ ಅವತ್ತೇ ಧೈರ್ಯ ಬಂತು. ತೂಬಿನ ಕೊಳವೆಯ ಹೊರಮೈಗುಂಟ ನೀರು ಜಿನುಗಿ ಮಣ್ಣು ಕೊಚ್ಚದಂತೆ ಮರಳಿನ ಸೋಸುಪದರ ಹಾಕಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಏರಿ ನಿಂತಿರುವುದು ಇಂಥ ಕೆಲಸದಿಂದ.

ಇನ್ನೊಂದಕ್ಕೂ ಕೃತಜ್ಞತೆ ಹೇಳಬೇಕು: ನಮಗೆ ನಿಜ ಹೇಳಿದ್ದಕ್ಕೆ. ಈ ಹೊಂಡವನ್ನು ಯಾವುದೇ ವರ್ಷದಲ್ಲಿ ನೂರಕ್ಕೆ 1ರಷ್ಟು ಸಾಧ್ಯತೆಯಿರುವ ನೆರೆಯನ್ನು ಲೆಕ್ಕಕ್ಕಿಟ್ಟುಕೊಂಡು ಕಟ್ಟಿದ್ದಾರೆ. ನೂರು ವರ್ಷಕ್ಕೊಮ್ಮೆ ಅಂದರೆ ನಮ್ಮ ಕಾಲಕ್ಕಿಲ್ಲ ಎಂದಲ್ಲ; 30 ವರ್ಷ ಒಂದೇ ಮನೆಯಲ್ಲಿದ್ದರೆ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 26. ಅದನ್ನೂ ಮೀರಿದ ಮಳೆ ಬಂದರೆ ಕೋಡಿ ಹರಿಯುತ್ತದೆ, ಏರಿ ಒಡೆಯದಿರಲೆಂದೇ ಹರಿಯುತ್ತದೆ. ಆಗ ಏನು ಮಾಡಬೇಕೆಂದು ಮನೆಮನೆಗೆ ಬಂದು ತಿಳಿಸಿ ಹೋದ ಎಲ್ಲರಿಗೂ ನಮಸ್ಕಾರ.

ಕೆಳಗಿನ ಬೀದಿಯವರಲ್ಲಿ ಒಂದು ವಿನಂತಿ. ತೂಬಿನ ಮುಂದಿನ ಕಬ್ಬಿಣದ ಸರಳುಗಳಿಗೆ ಈ ಮಳೆಯಲ್ಲಿ ಎಲೆ, ಕಡ್ಡಿ, ಪ್ಲಾಸ್ಟಿಕ್ ಚೀಲ ತುಂಬ ಸಿಕ್ಕಿಕೊಂಡಿದೆ. ನೀರು ತುಂಬಿದಾಗ ಯಾರೂ ಹತ್ತಿರ ಹೋಗಬೇಡಿ. ಹೊಂಡ ಒಣಗಿರುವಾಗ, ನಿರ್ವಹಣೆಯವರ ಜೊತೆ ಸರದಿಯ ಮೇಲೆ ನಾವೂ ಕೈ ಹಾಕೋಣ. ಏರಿಯ ಮೇಲೆ ಬಿತ್ತಿರುವ ಹುಲ್ಲು ಬೇರು ಹಿಡಿಯುವ ತನಕ ಅದರ ಮೇಲೆ ನಡೆದಾಡಬೇಡಿ. ಸರದಿಗೆ ಬರುವವರು ಹೆಸರು ಕೊಡಿ, ಮೊದಲ ಸರದಿಗೆ ನಾನಿದ್ದೇನೆ.