ಒಬ್ಬಳೇ ಸಂಶೋಧಕಿಗೆ ಮೂರು ಪ್ರೊಫೈಲ್: ಸರಿಪಡಿಸುವಂತೆ ಕೋರಿ ದೂರು

ಇಂದ:
ವೈರಾಣು ಸಂಶೋಧಕಿ ಮತ್ತು ಬೋಧಕಿ,
ವೈದ್ಯಕೀಯ ಕಾಲೇಜು, ಶಿವಮೊಗ್ಗ

ಗೆ:
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಸಂಶೋಧನಾ ಪ್ರಕಟಣೆಗಳ ಡೇಟಾಬೇಸ್ ಕಂಪನಿ,
ಬೆಂಗಳೂರು ಕಚೇರಿ

ವಿಷಯ: ನನ್ನ ಪೇಪರ್‌ಗಳು ಮೂರು ಪ್ರೊಫೈಲ್‌ಗಳಲ್ಲಿ ಹಂಚಿಹೋಗಿ ಸೈಟೇಶನ್ (ಬೇರೆಯವರು ಉಲ್ಲೇಖಿಸಿದ) ಲೆಕ್ಕ ತಪ್ಪಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಡೇಟಾಬೇಸ್‌ನಲ್ಲಿ ನಾನು ಮೂರು ಜನ ಆಗಿದ್ದೇನೆ. ಮೊದಲ ಪ್ರೊಫೈಲ್‌ನಲ್ಲಿ ನನ್ನ 11 ಪೇಪರ್ ಇವೆ, ಎರಡನೆಯದರಲ್ಲಿ 6. ಮೂರನೆಯದರಲ್ಲಿ ಇರುವುದು ನನ್ನ ಒಂದು ಪೇಪರ್‌ನ ನಕಲು ದಾಖಲೆ ಮತ್ತು ನಾನು ಬರೆಯದೇ ಇರುವ 4 ಪೇಪರ್. ಸರಿಪಡಿಸಿ ಎಂದು ನಿಮ್ಮ ವೆಬ್‌ಸೈಟಿನ ಫಾರಂನಲ್ಲಿ ಪದೇ ಪದೇ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಟಿಕೆಟ್ ನಂಬರ್ ಬರುತ್ತದೆ, ಸ್ವಲ್ಪ ದಿನ ಬಿಟ್ಟು ‘ಪರಿಹರಿಸಲಾಗಿದೆ’ ಎಂಬ ಮೇಲ್ ಬರುತ್ತದೆ, ಪ್ರೊಫೈಲ್ ಮಾತ್ರ ಇದ್ದ ಹಾಗೇ ಇರುತ್ತದೆ. ನಿಮ್ಮ ಬೆಂಗಳೂರು ಕಚೇರಿಯಲ್ಲಿ ಯಾರಾದರೂ ಕೂತು ಓದಲಿ ಎಂದೇ ಈ ಪತ್ರವನ್ನು ಕನ್ನಡದಲ್ಲಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ.

ತೊಂದರೆಯ ಮೂಲ ಹೆಸರಿನಲ್ಲಿದೆ. ನಮ್ಮ ಕಡೆ ಬಹಳ ಜನರಿಗೆ ಸರ್‌ನೇಮ್ ಇಲ್ಲ. ಊರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಆಮೇಲೆ ಸ್ವಂತ ಹೆಸರು, ಇಷ್ಟೇ. ನನ್ನ ಮೊದಮೊದಲ ಪೇಪರ್‌ಗಳು ಹಾಗೇ ಅಚ್ಚಾದವು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಕಾಲಂಗೆ ಅಪ್ಪನ ಹೆಸರು ಹೋಯಿತು, ನಂತರದ ಜರ್ನಲ್‌ಗಳಲ್ಲಿ ಅದೇ ಕೊನೆಯ ಹೆಸರಾಗಿ ಬಂತು. ನಿಮ್ಮ ಸಾಫ್ಟ್‌ವೇರ್ ಈ ಎರಡು ಹೆಸರಿನವರು ಬೇರೆ ಬೇರೆ ಜನ ಎಂದು ತೀರ್ಮಾನಿಸಿತು. ಇನಿಷಿಯಲ್ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಬೇರೆ ರಾಜ್ಯದ ದಂತವೈದ್ಯರೊಬ್ಬರ ಪೇಪರ್‌ಗಳನ್ನು ತಂದು ನನ್ನ ಹೆಸರಿಗೆ ಸೇರಿಸಿತು. ಮೊನ್ನೆ ಬಡ್ತಿ ಸಂದರ್ಶನದಲ್ಲಿ ಹಿರಿಯರೊಬ್ಬರು, “ಮಂಗನ ಕಾಯಿಲೆ ಬಿಟ್ಟು ಹಲ್ಲಿನ ಇಂಪ್ಲಾಂಟ್ ಬಗ್ಗೆ ಯಾವಾಗ ಬರೆದ್ರಿ ಮೇಡಂ?” ಎಂದು ಕೇಳಿದರು. ಬೇರೆಯವರ ಕೆಲಸವನ್ನು ನನ್ನದೆಂದು ತೋರಿಸಿಕೊಂಡಿದ್ದೇನೆ ಎಂಬ ಅನುಮಾನ ಆ ಕೋಣೆಯಲ್ಲಿ ಹುಟ್ಟಿತಲ್ಲ, ಅದು ನನಗೆ ಬಹಳ ನೋವು ಕೊಟ್ಟಿದೆ. ಆ ದಂತವೈದ್ಯರಿಗೂ ಅವರ 4 ಪೇಪರ್ ಕಾಣೆಯಾಗಿರುತ್ತವೆ ಎಂಬುದನ್ನು ದಯವಿಟ್ಟು ಗಮನಿಸಿ.

ಇಂಥ ಗೊಂದಲ ಆಗಬಾರದೆಂದೇ 2012ರಿಂದ ಓರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಇದೆ. ನನ್ನ 17 ಪೇಪರ್‌ಗಳೂ ನನ್ನ ಓರ್ಕಿಡ್‌ಗೆ ಜೋಡಣೆಯಾಗಿವೆ, ಎಲ್ಲಕ್ಕೂ ಡಿಒಐ, ಅಂದರೆ ಪೇಪರ್‌ನ ಕಾಯಂ ಗುರುತಿನ ಸಂಖ್ಯೆ, ಇದೆ. ಇಷ್ಟಿದ್ದೂ ನಿಮ್ಮ ವ್ಯವಸ್ಥೆ ಹೆಸರನ್ನೇ ಹಿಡಿದು ಹೊರಟಿದ್ದು ಏಕೆ ಎಂಬುದಕ್ಕೆ ನನಗೆ ಉತ್ತರ ಬೇಕು.

ಇನ್ನು ಆ ನಕಲು ದಾಖಲೆಯ ವಿಚಾರ. ಅದು ಮಂಗನ ಕಾಯಿಲೆ ಹರಡುವ ಉಣುಗಿನ ಮೇಲಿನ ಪೇಪರ್. ಸಾಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿನಲ್ಲಿ ಕೈಕಾಲಿಗೆ ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು, ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಗಿನ ಮೇಲೆ ಎಳೆಯುತ್ತಾ ಹೋಗುತ್ತೇವೆ. ಹತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚಿ, ಅಂಟಿಕೊಂಡ ಉಣುಗುಗಳನ್ನು ಚಿಮಟದಿಂದ ಒಂದೊಂದಾಗಿ ಬಿಡಿಸಿ ಸೀಸೆಗೆ ಹಾಕುತ್ತೇವೆ. ಆಮೇಲೆ ಸೂಕ್ಷ್ಮದರ್ಶಕದಡಿ ಯಾವ ಜಾತಿ, ಯಾವ ಹಂತ ಎಂದು ನೋಡಬೇಕು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯೇ ಈ ರೋಗದ ಮುಖ್ಯ ವಾಹಕ, ಅದರಲ್ಲೂ ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ನಿಂಫ್ ಎಂಬ, ಇನ್ನೂ ಪೂರ್ತಿ ಬೆಳೆಯದ ಹಂತದವು. ಯಾವ ತಿಂಗಳಲ್ಲಿ ಎಲ್ಲಿ ಅವು ಹೆಚ್ಚು ಎಂಬುದನ್ನು ಆ ಪೇಪರ್‌ನಲ್ಲಿ ಬರೆದಿದ್ದೇವೆ. ಪೇಪರ್ ಡಿಸೆಂಬರ್‌ನಲ್ಲಿ ಆನ್‌ಲೈನ್ ಆಯಿತು, ಮುದ್ರಿತ ಸಂಚಿಕೆ ಬಂದದ್ದು ಮರುವರ್ಷದ ಮಾರ್ಚ್‌ನಲ್ಲಿ. ಉಲ್ಲೇಖಿಸಿದವರಲ್ಲಿ ಕೆಲವರು ಮೊದಲ ವರ್ಷ ಹಾಕಿದರು, ಕೆಲವರು ಎರಡನೆಯದು. ನೀವು ಒಂದೇ ಪೇಪರನ್ನು ಎರಡು ದಾಖಲೆ ಮಾಡಿ ಒಂದಕ್ಕೆ 9, ಇನ್ನೊಂದಕ್ಕೆ 8 ಸೈಟೇಶನ್ ಕೊಟ್ಟಿದ್ದೀರಿ. ಅದರ ನಿಜವಾದ ಲೆಕ್ಕ 17.

ಇದರಿಂದ ಸಂಶೋಧಕರ ಕೆಲಸ ಅಳೆಯುವ ಎಚ್-ಇಂಡೆಕ್ಸ್ ಎಂಬ ಅಂಕಿ ಏನಾಯಿತು ನೋಡಿ. ಭೌತವಿಜ್ಞಾನಿ ಜಾರ್ಜ್ ಹರ್ಷ್ 2005ರಲ್ಲಿ ಕೊಟ್ಟ ಸೂತ್ರ ಸರಳವಾಗಿದೆ: ಕನಿಷ್ಠ 12 ಸಲ ಉಲ್ಲೇಖಗೊಂಡ 12 ಪೇಪರ್ ಇದ್ದರೆ ಎಚ್-ಇಂಡೆಕ್ಸ್ 12. ನನಗೆ ಅಂಥ 12 ಪೇಪರ್ ಇವೆ. ನಕಲು ದಾಖಲೆಯನ್ನು ಕೂಡಿಸಿದರೆ ಮೊದಲ ಪ್ರೊಫೈಲ್‌ನಲ್ಲಿ 7, ಎರಡನೆಯದರಲ್ಲಿ 5. ಆದರೆ ಎಚ್-ಇಂಡೆಕ್ಸ್ ಕೂಡಿಸಿ ತೆಗೆಯುವ ಲೆಕ್ಕವಲ್ಲ. ಒಡೆದಾಗ ಒಂದು ಪ್ರೊಫೈಲ್ 7 ತೋರಿಸುತ್ತದೆ, ಇನ್ನೊಂದು 5 ತೋರಿಸುತ್ತದೆ, 12 ಎಲ್ಲಿಯೂ ಕಾಣುವುದಿಲ್ಲ. ಒಂದೇ ಅಡಿಕೆ ತೋಟಕ್ಕೆ ಮೂರು ಪಹಣಿ ಹುಟ್ಟಿ, ಯಾವುದರಲ್ಲೂ ಪೂರ್ತಿ ವಿಸ್ತೀರ್ಣ ಇಲ್ಲದಂತಾಗಿದೆ ನನ್ನ ಸ್ಥಿತಿ. ಅನುದಾನದ ಆನ್‌ಲೈನ್ ಅರ್ಜಿ ನಿಮ್ಮಲ್ಲಿಂದಲೇ ಅಂಕಿ ಎಳೆದುಕೊಳ್ಳುತ್ತದೆ. ಅಲ್ಲಿ ಬಂದದ್ದು 7. ತಿದ್ದಲು ಆ ಕಾಲಂನಲ್ಲಿ ಅವಕಾಶವೇ ಇಲ್ಲ.

ಇದು ಬರೀ ನನ್ನ ಬಡ್ತಿಯ ಪ್ರಶ್ನೆಯಾಗಿದ್ದರೆ ಇಷ್ಟು ಉದ್ದಕ್ಕೆ ಬರೆಯುತ್ತಿರಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಈ ರೋಗ ಪತ್ತೆಯಾದದ್ದು 1957ರಲ್ಲಿ. ಇವತ್ತಿಗೂ ಮಳೆಗಾಲ ಕಳೆದರೆ ಮಲೆನಾಡಿನ ಹಳ್ಳಿಗಳಲ್ಲಿ ಭಯ ಶುರುವಾಗುತ್ತದೆ. ಸಾಗರ ತಾಲ್ಲೂಕಿನ ಅರಳಗೋಡು 2019ರಲ್ಲಿ ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ. ಇದು ಪಶ್ಚಿಮ ಘಟ್ಟದ ಸುತ್ತಮುತ್ತಲ ರೋಗ, ಇದರ ಮೇಲೆ ಬರೆಯುವವರೇ ಕೆಲವರು, ಹಾಗಾಗಿ ಉಲ್ಲೇಖಿಸುವವರೂ ಕೆಲವರೇ. ಕ್ಯಾನ್ಸರ್ ಸಂಶೋಧಕರಿಗೆ 8 ಸೈಟೇಶನ್ ಹೋದರೆ ಗೊತ್ತೂ ಆಗಲಿಕ್ಕಿಲ್ಲ, ನಮಗೆ ಅದು ಅರ್ಧಕ್ಕರ್ಧ. ಅನುದಾನ ನವೆಂಬರ್ ಒಳಗೆ ಬರದಿದ್ದರೆ ಉಣುಗು ಹಿಡಿಯುವ ಹಂಗಾಮು ಕೈತಪ್ಪುತ್ತದೆ, ನನ್ನ ಜೊತೆ ಕಾಡಿಗೆ ಬರುವ ಸಹಾಯಕರ ಸಂಬಳವೂ ನಿಲ್ಲುತ್ತದೆ. ಮುಂದಿನ ಹಂಗಾಮಿಗೆ ಒಂದು ವರ್ಷ ಕಾಯಬೇಕು.

ಸಂಶೋಧನೆಯನ್ನು ಅಂಕಿಯಿಂದ ಅಳೆಯುವವರಿಗೆ ಹತ್ತು ತತ್ವಗಳನ್ನು ಹೇಳಿದ ಲೈಡನ್ ಪ್ರಣಾಳಿಕೆ 2015ರಲ್ಲಿ ಪ್ರಕಟವಾಗಿದೆ. ಅಳೆಸಿಕೊಳ್ಳುವವರಿಗೆ ತಮ್ಮ ದತ್ತಾಂಶವನ್ನು ಪರಿಶೀಲಿಸುವ ಅವಕಾಶ ಇರಬೇಕು ಎಂಬುದು ಅದರಲ್ಲಿ ಒಂದು, ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಬೇಕು ಎಂಬುದು ಇನ್ನೊಂದು. ನಾನು ಕೇಳುತ್ತಿರುವುದು ಇದಕ್ಕಿಂತ ಹೆಚ್ಚೇನಲ್ಲ.

ಆದ್ದರಿಂದ ಮೂರೂ ಪ್ರೊಫೈಲ್‌ಗಳನ್ನು ನನ್ನ ಓರ್ಕಿಡ್ ಅಡಿಯಲ್ಲಿ ಒಂದು ಮಾಡಿ. ದಂತವೈದ್ಯರ ಪೇಪರ್‌ಗಳನ್ನು ತೆಗೆದು ಅವರಿಗೇ ಸೇರಿಸಿ, ಆ ವಿಷಯ ಅವರಿಗೂ ತಿಳಿಸಿ. ಉಣುಗಿನ ಪೇಪರ್‌ನ ಎರಡು ದಾಖಲೆ ಕೂಡಿಸಿ. ಈ ತಪ್ಪು ನಿಮ್ಮ ಡೇಟಾಬೇಸ್‌ನದು, ನನ್ನದಲ್ಲ ಎಂದು ಲೆಟರ್‌ಹೆಡ್‌ನಲ್ಲಿ, ತಿದ್ದಿದ ಅಂಕಿಗಳ ಸಮೇತ ಬರೆದುಕೊಡಿ. ಬಡ್ತಿ ಸಮಿತಿಗೂ ಅನುದಾನ ಕಚೇರಿಗೂ ನಾನು ಅದನ್ನು ಸಲ್ಲಿಸಬೇಕಿದೆ. ಮತ್ತೆ ಟಿಕೆಟ್ ನಂಬರ್ ಕಳಿಸಬೇಡಿ. ಈ ಕೆಲಸ ಯಾರ ಜವಾಬ್ದಾರಿ ಎಂದು ಅವರ ಹೆಸರು, ಫೋನ್ ನಂಬರ್ ತಿಳಿಸಿ.

ಪತ್ರ ತಲುಪಿದ 30 ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ. ನಿಮ್ಮ ಸೇವೆಗೆ ನಮ್ಮ ಕಾಲೇಜು ವರ್ಷವರ್ಷವೂ ಚಂದಾ ಕಟ್ಟುತ್ತಿದೆ. ಉತ್ತರ ಬಾರದಿದ್ದರೆ ನವೀಕರಣದ ವಿಷಯ ಗ್ರಂಥಾಲಯ ಸಮಿತಿಯ ಮುಂದೆ ಬಂದಾಗ ಈ ಪತ್ರವನ್ನೇ ಮಂಡಿಸುತ್ತೇನೆ. 17 ಪೇಪರ್‌ಗಳ ಡಿಒಐ ಪಟ್ಟಿ, ಮೂರೂ ಪ್ರೊಫೈಲ್‌ಗಳ ಪ್ರಿಂಟ್, ಪಾಸ್‌ಪೋರ್ಟ್ ಪ್ರತಿ ಮತ್ತು ನೀವು ಕಳಿಸಿದ ಮೇಲ್‌ಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಶಿವಮೊಗ್ಗ

ಪ್ರತಿ: ಗ್ರಂಥಪಾಲಕರು, ಕಾಲೇಜು ಗ್ರಂಥಾಲಯ