ಜೈಲಿನಲ್ಲಿ ಬಾಯಿಮಾತು ನಡೆಯುವುದಿಲ್ಲ, ರಸೀದಿ ಬೇಕು

ಮಾನ್ಯ ಸಂಪಾದಕರೇ,

ಆದಿವಾಸಿಗಳ ಹಕ್ಕಿಗಾಗಿ ದುಡಿದ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರ ಮಾತು ಬಂದರೆ ಜನ ಆ ಸ್ಟ್ರಾ, ಸಿಪ್ಪರ್ ನೆನೆದು ಮರುಗುತ್ತಾರೆ. ಅದು ಕೈತಪ್ಪಿದ್ದು ಎಲ್ಲಿ ಎಂದು ಕೇಳುವವರು ಕಡಿಮೆ. 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧನವಾದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಚೀಲದಲ್ಲಿದ್ದ ಸ್ಟ್ರಾ, ಸಿಪ್ಪರ್ ಕೊಡಿಸಿ ಎಂದು ನವೆಂಬರ್ 6ರಂದು ಮುಂಬೈ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅವು ತನ್ನ ಬಳಿ ಇಲ್ಲ ಎಂದು ಹೇಳಲು ಬಂಧಿಸಿದ್ದ ರಾಷ್ಟ್ರೀಯ ತನಿಖಾ ಸಂಸ್ಥೆಗೆ (ಎನ್‌ಐಎ) 20 ದಿನ ಹಿಡಿಯಿತು. 2021ರ ಜುಲೈ 5ರಂದು, ಜಾಮೀನು ಅರ್ಜಿ ಹೈಕೋರ್ಟಿನಲ್ಲಿ ಇರುವಾಗಲೇ, ಅವರು ತೀರಿಕೊಂಡರು.

ಬಂಧಿಸುವಾಗ ಮೈಮೇಲಿಂದ ತೆಗೆದುಕೊಂಡ ಸಾಮಾನಿಗೆ ಪೊಲೀಸರು ರಸೀದಿ ಕೊಡಲೇಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 51ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 49. ಆದರೆ ಪಟ್ಟಿಯಲ್ಲಿ ಮೊಬೈಲ್, ನಗದು, ಗಡಿಯಾರ ಇರುತ್ತವೆ. ಕನ್ನಡಕ, ಊರುಗೋಲು, ಇನ್‌ಹೇಲರ್, ಮಾತ್ರೆಗಳು ಬಿಟ್ಟುಹೋಗುತ್ತವೆ. ಮನೆಯವರು ಮೊದಲು ನೋಡಬೇಕಾದದ್ದು ಇದನ್ನೇ.

ಎರಡನೆಯದು ವೈದ್ಯಕೀಯ ತಪಾಸಣೆ. ಬಿಎನ್‌ಎಸ್‌ಎಸ್ 53ನೇ ಕಲಂ ಪ್ರಕಾರ ಬಂಧನವಾದ ಕೂಡಲೇ ತಪಾಸಣೆ ಆಗಬೇಕು, ವರದಿಯ ಪ್ರತಿ ಬಂಧಿತನಿಗೋ ಅವನು ಹೇಳಿದವರಿಗೋ ಸಿಗಬೇಕು. ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನಂತೆ ಕಸ್ಟಡಿಯಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ತಪಾಸಣೆ. ಪೊಲೀಸರು ಮಗ್ಗುಲಲ್ಲೇ ನಿಂತಿರುವಾಗ ಡಾಕ್ಟರು ಏನಾದರೂ ತೊಂದರೆ ಇದೆಯೇ ಎಂದು ಕೇಳಿದರೆ ಯಾರು ಬಾಯಿ ಬಿಡುತ್ತಾರೆ? ಹಾಗಾಗಿ ಡಾಕ್ಟರು ಬರೆದ ಹಳೆಯ ಚೀಟಿಗಳ ಜೆರಾಕ್ಸನ್ನು 24 ಗಂಟೆಯೊಳಗಿನ ಮೊದಲ ಹಾಜರಿಯಲ್ಲೇ ಮ್ಯಾಜಿಸ್ಟ್ರೇಟರ ಮುಂದೆ ಮೆಮೊ (ಲಿಖಿತ ಮನವಿ) ಮಾಡಿ ಕೊಡಬೇಕು. 'ನಿಯಮಾನುಸಾರ ಚಿಕಿತ್ಸೆ ಕೊಡಿ' ಎಂಬ ಆದೇಶ ಇದ್ದೂ ಇಲ್ಲದಂತೆ. ಅದನ್ನು ಪಾಲಿಸಿಲ್ಲ ಎಂದು ಸಾಧಿಸಲು ಯಾರಿಗೂ ಆಗದು. ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ, ಯಾವ ತಾರೀಖಿನೊಳಗೆ ಪಾಲನಾ ವರದಿ ಎಂಬುದು ಆದೇಶದಲ್ಲೇ ಬರಲಿ. ನ್ಯಾಯಾಂಗ ಬಂಧನವನ್ನು ಸಾಮಾನ್ಯವಾಗಿ ಒಮ್ಮೆಗೆ 15 ದಿನಕ್ಕಿಂತ ಹೆಚ್ಚು ಮುಂದುವರಿಸುವಂತಿಲ್ಲ. ಈಗ ಅದು ಬಹುಪಾಲು ವಿಡಿಯೊದಲ್ಲೇ ಮುಗಿಯುತ್ತದೆ, ಜೈಲು ಸಿಬ್ಬಂದಿ ಪಕ್ಕದಲ್ಲೇ ಇರುತ್ತಾರೆ. ದೂರು ವಕೀಲರ ಮೆಮೊದಲ್ಲಿ ಬಂದರೆ ಮಾತ್ರ ದಾಖಲೆಗೆ ಸೇರುತ್ತದೆ.

ಒಂಟಿ ಕೋಣೆಯ ವಿಚಾರದಲ್ಲಿ ಗೊಂದಲ ಬೇಡ. ಒಂಟಿ ಸೆರೆ ಶಿಕ್ಷೆಯಾದವರಿಗೆ ನ್ಯಾಯಾಲಯ ವಿಧಿಸುವುದು, ಅದೂ ಒಂದು ಸಲಕ್ಕೆ 14 ದಿನ ಮೀರುವಂತಿಲ್ಲ. ಭದ್ರತೆ ಎಂಬ ಹೆಸರಿಟ್ಟರೆ ಲೆಕ್ಕವೇ ಇಲ್ಲದಾಗುತ್ತದೆ. ಮಾವೋವಾದಿ ನಂಟಿನ ಆರೋಪ ಹೊತ್ತ, ಶೇ 90 ಅಂಗವೈಕಲ್ಯವಿದ್ದ ದೆಹಲಿಯ ಪ್ರಾಧ್ಯಾಪಕ ಜಿ.ಎನ್. ಸಾಯಿಬಾಬಾ ಗಾಲಿಕುರ್ಚಿಯಲ್ಲೇ ನಾಗ್ಪುರ ಜೈಲಿನ ಅಂಡಾ ಸೆಲ್‌ನಲ್ಲಿ (ಬಿಗಿ ಭದ್ರತೆಯ ಕೋಣೆ) ವರ್ಷಗಟ್ಟಲೆ ಇದ್ದರು. 2024ರ ಮಾರ್ಚ್ 5ರಂದು ನಿರ್ದೋಷಿ ಎಂದು ತೀರ್ಪಾಯಿತು, ಅಕ್ಟೋಬರ್ 12ರಂದು ನಿಧನರಾದರು.

ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿ ಜೈಲಿನಲ್ಲಿ ಕಳೆದ ವಿಚಾರಣಾಧೀನ ಕೈದಿಗೆ (ಮೊದಲ ಸಲದ ಆರೋಪಿಗೆ ಮೂರನೇ ಒಂದು) ಬಿಎನ್‌ಎಸ್‌ಎಸ್ 479ರಲ್ಲಿ ಬಿಡುಗಡೆಯ ದಾರಿಯಿದೆ. ಆದರೆ ಜೀವಾವಧಿ ಶಿಕ್ಷೆಯ ಕಲಂ ಹಚ್ಚಿದರೆ, ಇಲ್ಲವೇ ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದರೆ ಆ ದಾರಿ ಮುಚ್ಚುತ್ತದೆ. ರಾಜಕೀಯ ಕೇಸುಗಳಲ್ಲಿ ಎರಡೂ ಸಾಮಾನ್ಯ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಆದರೆ ಆರೋಪಪಟ್ಟಿಗೇ 180 ದಿನ ಸಿಗಬಹುದು. ಅಲ್ಲಿ ಹಿಡಿಯಬೇಕಾದ ಎಳೆ ಸುಪ್ರೀಂ ಕೋರ್ಟಿನ 2021ರ ಕೆ.ಎ. ನಜೀಬ್ ತೀರ್ಪು: ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲದಿದ್ದರೆ ದೀರ್ಘ ಸೆರೆವಾಸವೇ ಜಾಮೀನಿಗೆ ಕಾರಣ.

ಇದೆಲ್ಲ ದೂರದ ಊರಿನ ಮಾತು ಎನ್ನುವವರು ಪೌರತ್ವ ಕಾಯ್ದೆ ಕುರಿತ ಬೀದರಿನ ಶಾಲಾ ನಾಟಕದ ಕೇಸು ನೆನೆಯಲಿ. 2020ರಲ್ಲಿ ರಾಜದ್ರೋಹದ ಆರೋಪ ಹೊತ್ತು ಇಬ್ಬರು ಮಹಿಳೆಯರು ಎರಡು ವಾರ ಜೈಲಿನಲ್ಲಿದ್ದರು. ನಮ್ಮ ಕಲಬುರಗಿ ಹೈಕೋರ್ಟ್ ಪೀಠ ಅದನ್ನು ರದ್ದುಪಡಿಸಿದ್ದು 2023ರಲ್ಲಿ. ತುರ್ತುಪರಿಸ್ಥಿತಿಯಲ್ಲಿ ಆಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಿಂದ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಕೊನೆಯುಸಿರೆಳೆದರು. ಅದೇ ಬೆಂಗಳೂರು ಜೈಲಿನ ಕೈದಿಯೊಬ್ಬರು ಬರೆದ ಕಾಗದವೇ ಸುಪ್ರೀಂ ಕೋರ್ಟಿನಲ್ಲಿ ರಾಮಮೂರ್ತಿ ಪ್ರಕರಣವಾಗಿ, 1996ರಲ್ಲಿ ಚಿಕಿತ್ಸೆಯ ನಿರ್ಲಕ್ಷ್ಯವೂ ಸೇರಿ ಜೈಲುಗಳ ಒಂಬತ್ತು ರೋಗಗಳನ್ನು ಎತ್ತಿ ತೋರಿಸಿತು.

ಕಲಬುರಗಿ ಕೇಂದ್ರ ಕಾರಾಗೃಹವೂ ಈ ಭಾಗದ ಉಳಿದ ಜೈಲುಗಳೂ ಮಾಡಬೇಕಾದದ್ದು ಇಷ್ಟೇ: ಮುಲಾಖತ್ತಿಗೆ ಬಂದವರು ಕೊಡುವ ಔಷಧಿ, ಸಲಕರಣೆಯ ಅರ್ಜಿಗೆ ತಾರೀಖು, ಸೀಲು ಹಾಕಿದ ಪ್ರತಿ ಕೊಡಲಿ. ಬೇಡ ಎನ್ನುವುದಾದರೆ ಕಾರಣ ಬರೆದೇ ಬೇಡ ಎನ್ನಲಿ. ಕಾರ್ಬನ್ ಹಾಳೆಯ ಒಂದು ರಸೀದಿ ಪುಸ್ತಕ ಸಾಕು. ವಕೀಲರಿಗೆ ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲ.

– ಕೆಲವು ವಕೀಲರು, ಕಲಬುರಗಿ